ಫಂಕ್ಷನ್ನಾ, ಪ್ರೊಸೀಜರಾ?

ಲ್ಯಾಬ್ ವೈವಾಗಳಲ್ಲಿ ತಪ್ಪದೆ ಬರುವ ಒಂದು ಪ್ರಶ್ನೆ ಇದೆ: 'ಫಂಕ್ಷನ್‌ಗೂ ಪ್ರೊಸೀಜರ್‌ಗೂ ಏನಪ್ಪಾ ವ್ಯತ್ಯಾಸ?' ಉತ್ತರ ನಮ್ಮೆಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ. 'ಫಂಕ್ಷನ್ ವ್ಯಾಲ್ಯೂ ರಿಟರ್ನ್ ಮಾಡುತ್ತೆ ಸರ್, ಪ್ರೊಸೀಜರ್ ಮಾಡಲ್ಲ.' ಎಕ್ಸ್‌ಟರ್ನಲ್ ತಲೆಯಾಡಿಸುತ್ತಾರೆ, ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಮಾರ್ಕ್ಸ್ ಬಂತು, ವಿಷಯ ಮುಗೀತು.

ಆದರೆ ಈ ಉತ್ತರ ಯಾವ ಭಾಷೆಗೆ ಅನ್ವಯಿಸುತ್ತೆ ಅಂತ ಯಾರೂ ಕೇಳುವುದಿಲ್ಲ. ಸಿ ಲ್ಯಾಬ್‌ನಲ್ಲಿ ಈ ಪ್ರಶ್ನೆ ಕೇಳಿದರೆ, ಸಿ ಭಾಷೆಯಲ್ಲಿ ಪ್ರೊಸೀಜರ್ ಅನ್ನುವ ವಸ್ತುವೇ ಇಲ್ಲ. ಏನನ್ನೂ ಕೊಡದೆ ಸುಮ್ಮನೆ ವಾಪಸ್ ಬರುವುದಕ್ಕೂ ಅಲ್ಲಿ ಫಂಕ್ಷನ್ ಅಂತಲೇ ಹೆಸರು. ಡಿಬಿಎಂಎಸ್ ಲ್ಯಾಬ್‌ನಲ್ಲಿ ಕೇಳಿದರೆ, ಎರಡೂ ಇವೆ, ಆದರೆ ಪ್ರೊಸೀಜರ್ ಕೂಡ ಔಟ್ ಪ್ಯಾರಾಮೀಟರ್ ಮೂಲಕ ಬೇಕಾದಷ್ಟು ಬೆಲೆಗಳನ್ನು ಹೊರಗೆ ಕಳಿಸಬಲ್ಲದು. ಸ್ಕೀಮ್ ಎಂಬ ಭಾಷೆಯವರನ್ನು ಕೇಳಿದರೆ ಅವರು ತಮ್ಮದೆಲ್ಲವನ್ನೂ ಪ್ರೊಸೀಜರ್ ಅನ್ನುತ್ತಾರೆ, ಬೆಲೆ ಕೊಟ್ಟರೂ ಸರಿಯೇ. ಜಾವಾದವರಿಗೆ ಎರಡೂ ಗೊತ್ತಿಲ್ಲ, ಅವರಲ್ಲಿ ಇರುವುದು ಮೆಥಡ್ ಮಾತ್ರ. ಹಾಗಾದರೆ ನಾವು ಬಾಯಿಪಾಠ ಮಾಡಿದ್ದು ಏನನ್ನು?

ಹೆಸರುಗಳನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಕ್ಯಾಂಟೀನ್‌ಗೆ ಹೋಗೋಣ. ಕೌಂಟರ್‌ನಲ್ಲಿ ನಾವು ಎರಡು ಬಗೆಯ ಮಾತಾಡುತ್ತೇವೆ. ಒಂದು, 'ಅಣ್ಣಾ, ಎಷ್ಟಾಯ್ತು?' ಇನ್ನೊಂದು, 'ಅಣ್ಣಾ, ಒಂದು ಕಾಫಿ ಕೊಡಿ.' ಮೊದಲನೆಯದನ್ನು ಹತ್ತು ಸಲ ಕೇಳಿದರೂ ಬಿಲ್ ಅಷ್ಟೇ ಇರುತ್ತದೆ, ಅಣ್ಣನ ತಾಳ್ಮೆ ಮಾತ್ರ ಕಮ್ಮಿಯಾಗುತ್ತದೆ. ಎರಡನೆಯದನ್ನು ಹತ್ತು ಸಲ ಹೇಳಿದರೆ ಹತ್ತು ಕಾಫಿ ಬರುತ್ತದೆ, ಹತ್ತರ ದುಡ್ಡೂ ಕೊಡಬೇಕು. ಒಂದು ಪ್ರಶ್ನೆ, ಇನ್ನೊಂದು ಆಜ್ಞೆ. ಒಂದರಿಂದ ಉತ್ತರ ಸಿಗುತ್ತದೆ, ಇನ್ನೊಂದರಿಂದ ಲೋಕದಲ್ಲಿ ಏನೋ ಬದಲಾಗುತ್ತದೆ. ಪ್ರೋಗ್ರಾಮಿಂಗ್ ಭಾಷೆಗಳು ಕಳೆದ ಎಪ್ಪತ್ತೈದು ವರ್ಷಗಳಲ್ಲಿ ಈ ಎರಡಕ್ಕೆ ಒಂದೇ ಹೆಸರಿಡಬೇಕಾ, ಎರಡು ಹೆಸರಿಡಬೇಕಾ ಅಂತ ಜಗ್ಗಾಡಿಕೊಂಡೇ ಬಂದಿವೆ. ಬೆಲೆ ಬರುತ್ತೋ ಇಲ್ಲವೋ ಅನ್ನುವುದಕ್ಕಿಂತ ಏನಾದರೂ ಬದಲಾಗುತ್ತೋ ಇಲ್ಲವೋ ಅನ್ನುವುದೇ ದೊಡ್ಡ ಪ್ರಶ್ನೆ ಅಂತ ನಮ್ಮ ಅನಿಸಿಕೆ.

ಶುರುವಿನಲ್ಲಿ ಫಂಕ್ಷನ್ನೂ ಇರಲಿಲ್ಲ, ಪ್ರೊಸೀಜರೂ ಇರಲಿಲ್ಲ. ಇದ್ದದ್ದು ಒಂದು ತಾಪತ್ರಯ: ಒಮ್ಮೆ ಬರೆದ ಆದೇಶಗಳನ್ನು ಮತ್ತೆ ಮತ್ತೆ ಬರೆಯಬಾರದು, ಬೇಕಾದಾಗ ಅಲ್ಲಿಗೆ ಹೋಗಿ ಕೆಲಸ ಮುಗಿಸಿ, ಎಲ್ಲಿಂದ ಹೊರಟೆವೋ ಅಲ್ಲಿಗೇ ವಾಪಸ್ ಬರಬೇಕು. ಹೋಗುವುದು ಸುಲಭ, ಜಂಪ್ ಆದೇಶ ಇದೆ. ವಾಪಸ್ ಬರುವುದೇ ಕಷ್ಟ, ಯಾಕಂದರೆ ಪ್ರತಿ ಸಲವೂ ಬೇರೆ ಬೇರೆ ಜಾಗದಿಂದ ಹೋಗಿರುತ್ತೇವೆ. ಆಲನ್ ಟ್ಯೂರಿಂಗ್ 1945ರ ಕೊನೆಯ ಹೊತ್ತಿಗೆ ಎಸಿಇ ಎಂಬ ಯಂತ್ರಕ್ಕಾಗಿ ಬರೆದ ವರದಿಯಲ್ಲೇ ಇದಕ್ಕೊಂದು ಉಪಾಯ ಹೇಳಿದ್ದರು. ಹೊರಡುವ ಮುಂಚೆ ವಾಪಸ್ ಬರಬೇಕಾದ ವಿಳಾಸವನ್ನು 'ಹೂಳು', ಕೆಲಸ ಮುಗಿದ ಮೇಲೆ 'ಅಗೆದು ತೆಗೆ'. ಅವರು ಬಳಸಿದ ಪದಗಳು ಬರಿ, ಅನ್‌ಬರಿ. ಕೊನೆಗೆ ಹೂಳಿದ್ದು ಮೊದಲು ಹೊರಬರಬೇಕು. ನಾವು ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್‌ನಲ್ಲಿ ಬರೆಯುವ ಪುಷ್, ಪಾಪ್ ಇದೇ.

ಕೇಂಬ್ರಿಡ್ಜ್‌ನ ಎಡ್‌ಸ್ಯಾಕ್ ಯಂತ್ರ 1949ರಲ್ಲಿ ಓಡಲು ಶುರುವಾಯಿತು. ಅದರಲ್ಲಿ ಕಾಲ್ ಅನ್ನುವ ಆದೇಶ ಇರಲಿಲ್ಲ. ಡೇವಿಡ್ ವೀಲರ್ ಎಂಬ ಸಂಶೋಧನಾ ವಿದ್ಯಾರ್ಥಿ ಒಂದು ದಾರಿ ಹುಡುಕಿದ. ಕರೆಯುವ ಪ್ರೋಗ್ರಾಮು ತಾನು ನಿಂತ ಜಾಗದ ಗುರುತನ್ನು ಅಕ್ಯುಮುಲೇಟರ್‌ನಲ್ಲಿ ಇಟ್ಟುಕೊಂಡು ಜಂಪ್ ಮಾಡುತ್ತದೆ. ಅಲ್ಲಿಗೆ ಹೋದ ಮೇಲೆ, ಆ ತುಣುಕಿನ ಮೊದಲ ಒಂದೆರಡು ಆದೇಶಗಳು ಆ ಗುರುತಿಗೆ ಒಂದು ಸಂಖ್ಯೆ ಕೂಡಿ, 'ಇಂಥ ಜಾಗಕ್ಕೆ ವಾಪಸ್ ಹೋಗು' ಅನ್ನುವ ಹೊಸ ಆದೇಶವನ್ನೇ ತಯಾರಿಸಿ, ಅದನ್ನು ತನ್ನದೇ ಬಾಲದಲ್ಲಿ ಬರೆದುಕೊಳ್ಳುತ್ತವೆ. ಅಂದರೆ ಪ್ರತಿ ಸಲ ಕರೆದಾಗಲೂ ಪ್ರೋಗ್ರಾಮು ತನ್ನ ಕೊನೆಯ ಸಾಲನ್ನು ತಾನೇ ತಿದ್ದಿಕೊಳ್ಳುತ್ತದೆ. ಇದಕ್ಕೆ ವೀಲರ್ ಜಂಪ್ ಅಂತಲೇ ಹೆಸರು. ಈ ವಿಧಾನದಲ್ಲಿ ರಿಕರ್ಷನ್ ಮಾಡಲು ಹೋದರೆ ಕಥೆ ಮುಗೀತು: ತನ್ನನ್ನು ತಾನು ಕರೆದುಕೊಂಡ ಕೂಡಲೇ ಮೊದಲಿನ ವಾಪಸ್ ವಿಳಾಸ ಅಳಿಸಿಹೋಗುತ್ತದೆ.

ಇಂಥ ತುಣುಕುಗಳಿಗೆ ಅವರು ಇಟ್ಟ ಹೆಸರು ಸಬ್‌ರೂಟೀನ್. ಕಾಗದದ ಟೇಪಿನಲ್ಲಿ ತೂತು ಹೊಡೆದು ಒಂದು ಲೈಬ್ರರಿಯನ್ನೇ ಮಾಡಿಟ್ಟಿದ್ದರು. ಬೇಕಾದ ಟೇಪನ್ನು ತೆಗೆದು ತಮ್ಮ ಟೇಪಿಗೆ ನಕಲು ಮಾಡಿಕೊಳ್ಳುವುದು. ಲೈಬ್ರರಿ ಅನ್ನುವ ಪದ ನಿಜಕ್ಕೂ ಲೈಬ್ರರಿಯೇ ಆಗಿದ್ದ ಕಾಲ ಅದು. ಈ ಸಬ್‌ರೂಟೀನ್ ಪದದಲ್ಲಿ ಉತ್ತರದ ಮಾತೂ ಇಲ್ಲ, ಕೆಲಸದ ಮಾತೂ ಇಲ್ಲ. ಮುಖ್ಯ ದಾರಿಯಿಂದ ಪಕ್ಕಕ್ಕೆ ಹೋಗಿ ಬರುವ ಒಂದು ಸುತ್ತು, ಅಷ್ಟೇ.

ಎರಡನ್ನೂ ಬೇರೆ ಬೇರೆಯಾಗಿ ಹೆಸರಿಸಿದ ಮೊದಲ ಜನಪ್ರಿಯ ಭಾಷೆ 1958ರ ಫೋರ್ಟ್ರಾನ್ 2. ಅದರಲ್ಲಿ ಸಬ್‌ರೂಟೀನ್ ಮತ್ತು ಫಂಕ್ಷನ್ ಎರಡೂ ಬಂದವು. ಸಬ್‌ರೂಟೀನನ್ನು ಕಾಲ್ ಎಂದು ಬರೆದು ಕರೆಯಬೇಕು. ಫಂಕ್ಷನ್ನನ್ನು ಕರೆಯುವ ಹಾಗಿಲ್ಲ, ಗಣಿತದಲ್ಲಿ ಸೈನ್ ಎಕ್ಸ್ ಅಂತ ಬರೆಯುವ ಹಾಗೆ ಸಮೀಕರಣದ ಮಧ್ಯೆಯೇ ಇಡಬೇಕು. ಎರಡು ವರ್ಷದ ನಂತರ ಬಂದ ಅಲ್ಗಾಲ್ 60 ಬೇರೆ ದಾರಿ ಹಿಡಿಯಿತು. ಅಲ್ಲಿ ಎಲ್ಲವೂ ಪ್ರೊಸೀಜರ್. ಬೆಲೆ ಕೊಡುವುದಾದರೆ ಅದರ ಹಿಂದೆ ರಿಯಲ್ ಅಥವಾ ಇಂಟಿಜರ್ ಅಂತ ಬಗೆಯ ಹೆಸರು ಸೇರಿಸಬೇಕು. ನಿಕ್ಲಾಸ್ ವಿರ್ತ್ 1970ರಲ್ಲಿ ಪ್ಯಾಸ್ಕಲ್ ಮಾಡಿದಾಗ ಮತ್ತೆ ಎರಡು ಪ್ರತ್ಯೇಕ ಕೀವರ್ಡ್ ಇಟ್ಟರು: ಪ್ರೊಸೀಜರ್, ಫಂಕ್ಷನ್. ನಮ್ಮ ವೈವಾ ಉತ್ತರ ಅಕ್ಷರಶಃ ಸರಿಹೊಂದುವುದು ಈ ಪ್ಯಾಸ್ಕಲ್‌ಗೆ. ತಮಾಷೆ ಅಂದರೆ, ಅದೇ ವಿರ್ತ್ ಮುಂದೆ ಮಾಡ್ಯುಲಾ-2 ಮಾಡುವಾಗ ಫಂಕ್ಷನ್ ಪದವನ್ನು ಕೈಬಿಟ್ಟು ಎಲ್ಲವನ್ನೂ ಪ್ರೊಸೀಜರ್ ಅಂದುಬಿಟ್ಟರು.

ಈಗ ಸಿ ಭಾಷೆಯ ಮನೆತನಕ್ಕೆ ಬರೋಣ. ಸಿ ಭಾಷೆಯ ಅಪ್ಪ ಬಿ, ಅದರ ಅಜ್ಜ ಬಿಸಿಪಿಎಲ್, 1967ರಲ್ಲಿ ಮಾರ್ಟಿನ್ ರಿಚರ್ಡ್ಸ್ ಮಾಡಿದ್ದು. ಅಜ್ಜನ ಕಾಲದಲ್ಲಿ ಫಂಕ್ಷನ್ ಬೇರೆ, ರೂಟೀನ್ ಬೇರೆ. ಅಷ್ಟೇ ಅಲ್ಲ, ರೂಟೀನಿನಿಂದ ವಾಪಸ್ ಬರುವುದಕ್ಕೆ ರಿಟರ್ನ್ ಅಂತ ಒಂದು ಪದ, ಬೆಲೆ ಕೊಡುವುದಕ್ಕೆ ರಿಸಲ್ಟೀಸ್ ಅಂತ ಇನ್ನೊಂದು ಪದ. ಮೊಮ್ಮಗನ ಕಾಲಕ್ಕೆ ಎರಡೂ ಕರಗಿ ಒಂದಾದವು. ಎಲ್ಲವೂ ಫಂಕ್ಷನ್, ಎಲ್ಲದಕ್ಕೂ ರಿಟರ್ನ್. 1978ರಲ್ಲಿ ಕರ್ನಿಹನ್ ಮತ್ತು ರಿಚಿ ಬರೆದ ಸಿ ಪುಸ್ತಕದ ಮೊದಲ ಆವೃತ್ತಿಯಲ್ಲಿ ವಾಯ್ಡ್ ಕೂಡ ಇರಲಿಲ್ಲ. ಬಗೆ ಬರೆಯದಿದ್ದರೆ ಇಂಟ್ ಅಂತ ಅರ್ಥ. ಏನೂ ಕೊಡದ ಫಂಕ್ಷನ್ನೂ ಕಾಗದದ ಮೇಲೆ ಇಂಟ್ ಕೊಡುವ ಫಂಕ್ಷನ್ನೇ! ವಾಯ್ಡ್ ಆಮೇಲೆ ಬಂತು, 1989ರ ಸ್ಟ್ಯಾಂಡರ್ಡ್‌ನಲ್ಲಿ ಗಟ್ಟಿಯಾಯಿತು. ಬೇಡ ಅಂತ ಬಿಟ್ಟ ಪ್ರೊಸೀಜರ್ ಹಿಂಬಾಗಿಲಿನಿಂದ ವೇಷ ಬದಲಿಸಿ ಬಂದ ಹಾಗೆ.

ಇಲ್ಲಿ ರಿಟರ್ನ್ ಪದದ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕಂದರೆ ಇದು ಕನ್ನಡದಲ್ಲಿ ಯೋಚಿಸಿದರೆ ಕೂಡಲೇ ಹೊಳೆಯುವ ವಿಷಯ. ಇಂಗ್ಲಿಷಿನಲ್ಲಿ ರಿಟರ್ನ್ ಅಂದರೆ ವಾಪಸ್ ಬರುವುದೂ ಹೌದು, ವಾಪಸ್ ಕೊಡುವುದೂ ಹೌದು. ಕನ್ನಡ ಅಷ್ಟು ಸಡಿಲ ಬಿಡುವುದಿಲ್ಲ. 'ಹಿಂತಿರುಗು' ಬೇರೆ, 'ಹಿಂತಿರುಗಿಸು' ಬೇರೆ. ಮಧ್ಯೆ ಒಂದು 'ಇಸು' ಸೇರಿದ ತಕ್ಷಣ ಏನನ್ನು ಅಂತ ಕೇಳಬೇಕಾಗುತ್ತದೆ. ಸಿ ಭಾಷೆಯಲ್ಲಿ ರಿಟರ್ನ್ ಬರೆದು ಸೆಮಿಕೋಲನ್ ಹಾಕಿದರೆ ಅದು ಹಿಂತಿರುಗು. ರಿಟರ್ನ್ ಎಕ್ಸ್ ಅಂದರೆ ಹಿಂತಿರುಗಿಸು. ವೀಲರ್ ತಲೆಕೆಡಿಸಿಕೊಂಡಿದ್ದು ಪೂರ್ತಿ ಹಿಂತಿರುಗುವುದರ ಬಗ್ಗೆ. ಫೋರ್ಟ್ರಾನ್ 2ರಲ್ಲೂ ರಿಟರ್ನ್ ಅಂದರೆ ಬರೀ ಹಿಂತಿರುಗುವುದು. ಕೊಡಬೇಕಾದ ಬೆಲೆಯನ್ನು ಫಂಕ್ಷನ್ನಿನ ಹೆಸರಿಗೇ ಅಸೈನ್ ಮಾಡಿಟ್ಟು ಬರಬೇಕಿತ್ತು. ಮೊದಲ ಸೆಮ್‌ನ ಹುಡುಗರು ಪ್ರಿಂಟ್ ಮಾಡುವುದನ್ನೂ ರಿಟರ್ನ್ ಮಾಡುವುದನ್ನೂ ಒಂದೇ ಅಂದುಕೊಂಡು ಒದ್ದಾಡುವಾಗ ನಾವು ಈ 'ಇಸು'ವಿನಿಂದಲೇ ಶುರುಮಾಡುತ್ತೇವೆ. ಪರದೆಯ ಮೇಲೆ ತೋರಿಸಿದ್ದು ನೋಡುವವರಿಗೆ, ಹಿಂತಿರುಗಿಸಿದ್ದು ಕರೆದವರಿಗೆ.

ಸರಿ, ಹೆಸರು ಒಂದಾದರೆ ಏನು ನಷ್ಟ? ಎರಡು ಉದಾಹರಣೆ ಕೊಡುತ್ತೇವೆ, ಎರಡೂ ನಮ್ಮ ಲ್ಯಾಬಿನವೇ.

ಮೊದಲನೆಯದು ಸ್ಕ್ಯಾನ್‌ಎಫ್. ನಾವೆಲ್ಲ ಇದನ್ನು ಪ್ರೊಸೀಜರ್ ಥರ ಬಳಸುತ್ತೇವೆ: ಕರೆದೆವು, ಓದಿತು, ಮುಂದೆ ಹೋದೆವು. ಆದರೆ ಅದು ಒಂದು ಉತ್ತರವನ್ನೂ ಕೊಡುತ್ತದೆ, ಎಷ್ಟು ಐಟಂ ಸರಿಯಾಗಿ ಓದಲು ಆಯಿತು ಅಂತ. ಮೆನು ಇರುವ ಸ್ಟ್ಯಾಕ್ ಪ್ರೋಗ್ರಾಮಿನಲ್ಲಿ, ಚಾಯ್ಸ್ ಕೇಳಿದಾಗ ಅಂಕೆ ಬದಲು ಒಂದು ಅಕ್ಷರ ಒತ್ತಿ ನೋಡಿ. ಮೆನು ನಿಲ್ಲದೆ ಪರದೆ ತುಂಬಾ ಓಡುತ್ತದೆ. ಆ ಅಕ್ಷರ ಅಂಕೆಯಲ್ಲದ್ದರಿಂದ ಸ್ಕ್ಯಾನ್‌ಎಫ್ ಅದನ್ನು ಮುಟ್ಟದೆ ಬಫರ್‌ನಲ್ಲೇ ಬಿಟ್ಟು, ಸೊನ್ನೆ ಅಂತ ಉತ್ತರ ಕೊಟ್ಟು ಬಂದಿರುತ್ತದೆ. ಮುಂದಿನ ಸುತ್ತಿನಲ್ಲೂ ಅದೇ ಅಕ್ಷರ, ಅದೇ ಸೊನ್ನೆ. ಉತ್ತರ ಇತ್ತು, ಕೇಳಿಸಿಕೊಳ್ಳುವವರು ಇರಲಿಲ್ಲ. ಪ್ರಿಂಟ್‌ಎಫ್ ಕೂಡ ಹೀಗೇ, ಎಷ್ಟು ಅಕ್ಷರ ಬರೆಯಿತು ಅಂತ ಹೇಳುತ್ತದೆ. ಪ್ರಿಂಟ್‌ಎಫ್ ಒಳಗೆ ಪ್ರಿಂಟ್‌ಎಫ್ ಹಾಕಿ ಔಟ್‌ಪುಟ್ ಏನು ಅಂತ ಕೇಳುವ ಇಂಟರ್ವ್ಯೂ ಪ್ರಶ್ನೆ ನಿಂತಿರುವುದು ಇದರ ಮೇಲೆಯೇ. (ಕುತೂಹಲಕ್ಕೆ, ಯುಟಿಎಫ್-8ರಲ್ಲಿ 'ಕನ್ನಡ' ಅಂತ ಪ್ರಿಂಟ್ ಮಾಡಿಸಿ ಆ ಸಂಖ್ಯೆ ನೋಡಿ. ಕಣ್ಣಿಗೆ ಮೂರು ಅಕ್ಷರ, ಉತ್ತರ 15. ಒತ್ತಕ್ಷರ ಮೂಡಿಸುವ ಅರ್ಧಚಿಹ್ನೆಯೂ ಸೇರಿ ಐದು ಸಂಕೇತ, ತಲಾ ಮೂರು ಬೈಟ್.)

ಎರಡನೆಯದು ಇನ್ನೂ ಕಿಲಾಡಿ. ಪೋಸ್ಟ್‌ಫಿಕ್ಸ್ ಎಕ್ಸ್‌ಪ್ರೆಷನ್ ಇವ್ಯಾಲ್ಯುಯೇಷನ್ ಪ್ರೋಗ್ರಾಮು ಎಲ್ಲರೂ ಬರೆದಿರುತ್ತೇವೆ. ಆಪರೇಟರ್ ಬಂದಾಗ ಸ್ಟ್ಯಾಕಿನಿಂದ ಎರಡು ಬೆಲೆ ತೆಗೆಯಬೇಕು. ಒಂದೇ ಸಾಲಿನಲ್ಲಿ ಮುಗಿಸೋಣ ಅಂತ ಪಾಪ್ ಮೈನಸ್ ಪಾಪ್ ಅಂತ ಬರೆದರೆ ಏನಾಗುತ್ತದೆ? 9 4 ಮೈನಸ್ ಅನ್ನುವ ಇನ್‌ಪುಟ್ ತೆಗೆದುಕೊಳ್ಳಿ. ಸ್ಟ್ಯಾಕಿನ ಮೇಲೆ 4, ಕೆಳಗೆ 9. ಎಡಗಡೆಯ ಪಾಪ್ ಮೊದಲು ನಡೆದರೆ 4ರಿಂದ 9 ಕಳೆದು ಮೈನಸ್ 5 ಬರುತ್ತದೆ. ಬಲಗಡೆಯದು ಮೊದಲು ನಡೆದರೆ 5 ಬರುತ್ತದೆ. ಯಾವುದು ಮೊದಲು? ಸಿ ಸ್ಟ್ಯಾಂಡರ್ಡ್ ಇದನ್ನು ನಿಗದಿ ಮಾಡಿಲ್ಲ, ಕಂಪೈಲರಿನ ಇಷ್ಟಕ್ಕೆ ಬಿಟ್ಟಿದೆ. ಅಂದರೆ ನಿಮ್ಮ ಮಷೀನಿನಲ್ಲಿ ಸರಿ ಬಂದದ್ದು ಲ್ಯಾಬ್ ಮಷೀನಿನಲ್ಲಿ ತಪ್ಪು ಬರಬಹುದು. ಪ್ಲಸ್, ಇಂಟು ಹಾಕಿ ಟೆಸ್ಟ್ ಮಾಡಿದರೆ ಎಂದೂ ಸಿಕ್ಕಿಬೀಳುವುದಿಲ್ಲ, ಅವುಗಳಿಗೆ ಹಿಂದುಮುಂದು ಇಲ್ಲವಲ್ಲ. ಮೈನಸ್ ಬಂದ ದಿನ ಗೊತ್ತಾಗುತ್ತದೆ, ಅದೂ ಎಕ್ಸ್‌ಟರ್ನಲ್ ಮುಂದೆ.

ಈ ಬಗ್ ಎಲ್ಲಿಂದ ಹುಟ್ಟಿತು ನೋಡಿ. ಗಣಿತದ ಫಂಕ್ಷನ್‌ಗಳಲ್ಲಿ ಸೈನ್ ಎಕ್ಸ್ ಮೈನಸ್ ಕಾಸ್ ಎಕ್ಸ್ ಬರೆದಾಗ ಯಾವುದನ್ನು ಮೊದಲು ಲೆಕ್ಕ ಹಾಕಿದೆ ಅಂತ ಯಾರೂ ಕೇಳುವುದಿಲ್ಲ, ಕೇಳುವ ಅಗತ್ಯವೂ ಇಲ್ಲ. ಪಾಪ್ ಕೂಡ ನೋಡಲು ಫಂಕ್ಷನ್ ಥರವೇ ಇದೆ, ಬೆಲೆ ಕೊಡುತ್ತೆ, ಸಮೀಕರಣದ ಮಧ್ಯೆ ಕೂರುತ್ತೆ. ಆದರೆ ಅದು 'ಎಷ್ಟಾಯ್ತು' ಅಂತ ಕೇಳುತ್ತಲೇ 'ಕಾಫಿ ಕೊಡಿ' ಅಂತಲೂ ಹೇಳುವ ಜಾತಿ: ಉತ್ತರ ಕೊಡುವಾಗಲೇ ಸ್ಟ್ಯಾಕ್ ಬದಲಾಗಿರುತ್ತದೆ. ಪರಿಹಾರ ಸರಳ. ಒಂದು ಸಾಲಿನಲ್ಲಿ ಒಂದು ಪಾಪ್, ಬಂದದ್ದನ್ನು ಒಂದು ವೇರಿಯಬಲ್‌ಗೆ ಹಾಕಿ, ಮುಂದಿನ ಸಾಲಿನಲ್ಲಿ ಇನ್ನೊಂದು, ಆಮೇಲೆ ಕಳೆಯಿರಿ. ಸಿ++ ಲೈಬ್ರರಿಯ ಸ್ಟ್ಯಾಕ್‌ನಲ್ಲಿ ಈ ಎರಡು ಕೆಲಸವನ್ನು ಬೇರೆ ಮಾಡಿಯೇ ಇಟ್ಟಿದ್ದಾರೆ: ಟಾಪ್ ಅಂದರೆ ಮೇಲಿರುವುದನ್ನು ತೋರಿಸುತ್ತದೆ, ಪಾಪ್ ಅಂದರೆ ತೆಗೆದುಹಾಕುತ್ತದೆ, ಏನೂ ಕೊಡುವುದಿಲ್ಲ. ಮೊದಲ ಸಲ ನೋಡಿದಾಗ ಇದ್ಯಾಕೆ ಇಷ್ಟು ಸುತ್ತು ಅನಿಸುತ್ತದೆ. ಪೋಸ್ಟ್‌ಫಿಕ್ಸ್‌ನಲ್ಲಿ ಪೆಟ್ಟು ತಿಂದವರಿಗೆ ಅನಿಸುವುದಿಲ್ಲ.

ಈ ಬೇರ್ಪಡಿಕೆಯನ್ನೇ ಒಂದು ನಿಯಮ ಮಾಡಿದವರು ಬರ್ಟ್ರಾಂಡ್ ಮೇಯರ್, ಐಫೆಲ್ ಭಾಷೆ ಮಾಡಿದವರು. ಕೇಳುವುದು ಏನನ್ನೂ ಬದಲಿಸಬಾರದು, ಬದಲಿಸುವುದು ಉತ್ತರ ಕೊಡಬಾರದು ಅನ್ನುವುದು ಅವರ ವಾದದ ತಿರುಳು. ಅಡಾ ಭಾಷೆ 1983ರಲ್ಲಿ ಇನ್ನೊಂದು ಥರದ ಬಿಗಿ ಮಾಡಿತ್ತು: ಫಂಕ್ಷನ್‌ಗೆ ಒಳಬರುವ ಪ್ಯಾರಾಮೀಟರ್ ಮಾತ್ರ ಇರಬೇಕು, ಕೊಟ್ಟದ್ದನ್ನು ಅದು ಬದಲಿಸುವ ಹಾಗಿಲ್ಲ. ಬದಲಿಸಬೇಕಾದರೆ ಪ್ರೊಸೀಜರ್ ಬರೆಯಿರಿ. ಆದರೆ ಗ್ಲೋಬಲ್ ವೇರಿಯಬಲ್ ಬದಲಿಸಲು ತಡೆ ಇರಲಿಲ್ಲ, ಹಾಗಾಗಿ ಬೇಲಿ ಇತ್ತು, ಗೇಟ್ ಇರಲಿಲ್ಲ. ಕೊನೆಗೆ ಅಡಾ 2012ರಲ್ಲಿ ಆ ನಿಯಮವನ್ನೇ ಸಡಿಲಿಸಿದರು. ಹ್ಯಾಸ್ಕೆಲ್ ಮಾತ್ರ ಹಠ ಬಿಟ್ಟಿಲ್ಲ: ಪರದೆಗೆ ಒಂದು ಸಾಲು ಬರೆಯುವ ಕೆಲಸವೂ ಅದರ ಟೈಪಿನಲ್ಲೇ ಐಓ ಅಂತ ಹಣೆಗೆ ಮುದ್ರೆ ಹಾಕಿಸಿಕೊಂಡು ಬರಬೇಕು.

ಡಿಬಿಎಂಎಸ್ ಲ್ಯಾಬಿನವರಿಗೆ ಈ ವ್ಯತ್ಯಾಸ ಬರೀ ಪದದ ಪ್ರಶ್ನೆಯಲ್ಲ. ಫಂಕ್ಷನ್ನನ್ನು ಸೆಲೆಕ್ಟ್ ಒಳಗೆ ಬರೆಯಬಹುದು, ಪ್ರೊಸೀಜರನ್ನು ಆಗುವುದಿಲ್ಲ. ಯಾಕೆ? ಸೆಲೆಕ್ಟ್ ಅನ್ನುವುದೇ ಪ್ರಶ್ನೆ. ಸಾವಿರ ಸಾಲಿನ ಟೇಬಲ್ ಮೇಲೆ ಓಡಿದರೆ ಆ ಫಂಕ್ಷನ್ ಎಷ್ಟು ಸಲ, ಯಾವ ಕ್ರಮದಲ್ಲಿ ನಡೆಯುತ್ತದೆ ಅನ್ನುವುದು ಆಪ್ಟಿಮೈಸರ್ ಕೈಯಲ್ಲಿರುತ್ತದೆ. ಅದರೊಳಗೆ ಕಾಫಿ ಆರ್ಡರ್ ಮಾಡುವ ಕೆಲಸ ಇಟ್ಟರೆ ಎಷ್ಟು ಕಾಫಿ ಬರುತ್ತೋ ದೇವರೇ ಬಲ್ಲ. ಅದಕ್ಕೇ ಒರಾಕಲ್‌ನಲ್ಲಿ ಸೆಲೆಕ್ಟ್‌ನಿಂದ ಕರೆದ ಫಂಕ್ಷನ್ ಟೇಬಲ್ಲಿಗೆ ಇನ್ಸರ್ಟ್ ಮಾಡಲು ಹೋದರೆ ಸಾಮಾನ್ಯವಾಗಿ ಎರರ್ ಕೊಟ್ಟು ನಿಲ್ಲಿಸುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಬಹಳ ಕಾಲ ಸಿ ಥರವೇ ಫಂಕ್ಷನ್ ಮಾತ್ರ ಇತ್ತು, ಏನೂ ಕೊಡದಿದ್ದರೆ ವಾಯ್ಡ್. 2018ರಲ್ಲಿ ಬಂದ 11ನೇ ಆವೃತ್ತಿಯಲ್ಲಿ ಪ್ರೊಸೀಜರ್ ಸೇರಿಸಿದರು, ಕಾಲ್ ಎಂದು ಕರೆಯುವುದಕ್ಕೆ. ಹೆಸರಿಗಾಗಿ ಅಲ್ಲ. ಕ್ವೆರಿಯ ಹೊಟ್ಟೆಯೊಳಗೆ ಓಡುವ ಫಂಕ್ಷನ್ ಮಧ್ಯದಲ್ಲಿ ಕಮಿಟ್ ಮಾಡುವ ಹಾಗಿಲ್ಲ. ಹೊರಗೆ ಸ್ವತಂತ್ರವಾಗಿ ನಿಲ್ಲುವ ಪ್ರೊಸೀಜರ್ ಮಾಡಬಹುದು. ವೈವಾದಲ್ಲಿ ಈ ಉತ್ತರ ಹೇಳಿ ನೋಡಿ, ಮುಂದಿನ ಪ್ರಶ್ನೆ ಬೇರೆ ಥರ ಬರುತ್ತದೆ.

ಪೈಥಾನ್ ಇದನ್ನು ಕೀವರ್ಡ್‌ನಲ್ಲಿ ಹೇಳುವುದಿಲ್ಲ, ಎಲ್ಲಕ್ಕೂ ಡೆಫ್. ಆದರೆ ಶಿಸ್ತು ಒಳಗೆ ಇದೆ. ಸಾರ್ಟೆಡ್ ಅಂದರೆ ಹೊಸ ಲಿಸ್ಟ್ ಕೊಡುತ್ತದೆ, ಹಳೆಯದು ಹಾಗೇ ಇರುತ್ತದೆ. ಲಿಸ್ಟಿನ ಸಾರ್ಟ್ ಇದ್ದ ಲಿಸ್ಟನ್ನೇ ಬದಲಿಸುತ್ತದೆ, ನನ್ ಕೊಡುತ್ತದೆ. ಎ ಈಕ್ವಲ್ ಟು ಎ ಡಾಟ್ ಸಾರ್ಟ್ ಅಂತ ಬರೆದು ಇಡೀ ಲಿಸ್ಟ್ ಕಳೆದುಕೊಂಡವರು ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆ.

ಮೆಥಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಮಾಲ್‌ಟಾಕ್ ಕಾಲದಲ್ಲಿ ವಸ್ತುವಿಗೆ ಸಂದೇಶ ಕಳಿಸುವುದು, ಅದಕ್ಕೆ ಸ್ಪಂದಿಸುವ ಆ ವಸ್ತುವಿನದೇ ರೀತಿ ಮೆಥಡ್ ಅನ್ನುವ ಕಲ್ಪನೆ ಇತ್ತು. ಜಾವಾ ಆ ಪದ ಉಳಿಸಿಕೊಂಡಿತು. ಸಿ++ ಸ್ಟ್ಯಾಂಡರ್ಡ್ ಅದನ್ನು ಮೆಂಬರ್ ಫಂಕ್ಷನ್ ಅನ್ನುತ್ತದೆ. ಯಾರ ಒಡೆತನ ಅನ್ನುವುದನ್ನು ಈ ಪದಗಳು ಹೇಳುತ್ತವೆ, ಪ್ರಶ್ನೆಯೋ ಆಜ್ಞೆಯೋ ಅನ್ನುವುದನ್ನಲ್ಲ.

ಇನ್ನು ನಮ್ಮ ಬಳಗಕ್ಕೆ ಸಂಬಂಧಪಟ್ಟ ತಲೆನೋವು. ಕನ್ನಡ ಮೀಡಿಯಮ್‌ನಿಂದ ಬಂದ ಜೂನಿಯರ್‌ಗಳಿಗೆ ಸಿ ಭಾಷೆಯ ಟಿಪ್ಪಣಿಯನ್ನು ಕನ್ನಡದಲ್ಲಿ ಮಾಡುತ್ತಿದ್ದೇವೆ. ಫಂಕ್ಷನ್‌ಗೆ ಏನು ಅನ್ನೋಣ? ಗಣಿತದ ಪುಸ್ತಕದಲ್ಲಿ ಉತ್ಪನ್ನ ಅನ್ನುವ ಪದ ಇದೆ, ಫಲನ ಅಂತಲೂ ಬಳಸುತ್ತಾರೆ. ಬೆಲೆ ಕೊಡುವುದಕ್ಕೆ ಎರಡೂ ಚೆನ್ನಾಗಿವೆ. ಆದರೆ ವಾಯ್ಡ್ ಬಂದರೆ ಏನೂ ಉತ್ಪನ್ನವಾಗದ ಉತ್ಪನ್ನ, ಫಲ ಇಲ್ಲದ ಫಲನ! ರ್‍ಯಾಂಡ್ ಇನ್ನೂ ಕಷ್ಟ, ಏನೂ ಕೊಡದೆ ಕರೆದರೂ ಪ್ರತಿ ಸಲ ಬೇರೆ ಸಂಖ್ಯೆ. ಒಂದು ಇನ್‌ಪುಟ್‌ಗೆ ಒಂದೇ ಔಟ್‌ಪುಟ್ ಅಂತ ಪಿಯುಸಿಯಲ್ಲಿ ಕಲಿತು ಬಂದ ಹುಡುಗಿ 'ಇದು ಹೇಗೆ ಉತ್ಪನ್ನ ಆಗುತ್ತೆ?' ಅಂತ ಕೇಳಿದರೆ ಅವಳ ಪ್ರಶ್ನೆಯೇ ಸರಿ, ಸಿ ಭಾಷೆಯ ಹೆಸರೇ ಸಡಿಲ. ನಿಘಂಟು ನೋಡಿದರೆ ಕಾರ್ಯ ಅಂತ ಸಿಗುತ್ತದೆ, ಹೃದಯದ ಕಾರ್ಯ ಅನ್ನುವ ಅರ್ಥದಲ್ಲಿ. ಅದು ಫಂಕ್ಷನ್‌ಗಿಂತ ಪ್ರೊಸೀಜರ್‌ಗೇ ಹೆಚ್ಚು ಹೊಂದುತ್ತದೆ.

ಪ್ರೊಸೀಜರ್‌ಗೆ ಮಾತ್ರ ನಮ್ಮಲ್ಲಿ ಆಗಲೇ ಪದ ಇದೆ, ಅದೂ ಎಲ್ಲರ ಮನೆಯಲ್ಲಿ. ವಾರಪತ್ರಿಕೆಯ ಅಡುಗೆ ಅಂಕಣ ತೆಗೆದರೆ ಎರಡು ತಲೆಬರಹ: 'ಬೇಕಾಗುವ ಸಾಮಗ್ರಿಗಳು', 'ಮಾಡುವ ವಿಧಾನ'. ಹೈಸ್ಕೂಲಿನ ವಿಜ್ಞಾನ ಪ್ರಯೋಗದಲ್ಲೂ ವಿಧಾನ ಅಂತಲೇ ಬರೆಯುತ್ತಿದ್ದೆವು. ಇದರಿಂದ ಪ್ಯಾರಾಮೀಟರ್ ಮತ್ತು ಆರ್ಗ್ಯುಮೆಂಟ್ ಗೊಂದಲವೂ ಬಗೆಹರಿಯುತ್ತದೆ. ಪಟ್ಟಿಯಲ್ಲಿ ಬರೆದ 'ಈರುಳ್ಳಿ ಎರಡು' ಪ್ಯಾರಾಮೀಟರ್, ಮಾರ್ಕೆಟ್ಟಿನಿಂದ ತಂದು ನಿಜವಾಗಿ ಹೆಚ್ಚುವ ಈರುಳ್ಳಿ ಆರ್ಗ್ಯುಮೆಂಟ್.

ಸದ್ಯಕ್ಕೆ ನಮ್ಮ ಟಿಪ್ಪಣಿಯಲ್ಲಿ ಫಂಕ್ಷನ್ ಪದವನ್ನು ಹಾಗೇ ಇಟ್ಟುಕೊಂಡಿದ್ದೇವೆ, ಪರೀಕ್ಷೆಯಲ್ಲಿ ಬರೆಯಬೇಕಾದ್ದು ಅದೇ ಅಲ್ವಾ. ಅದರ ಮುಂದೆ ಪ್ರತಿ ಸಲವೂ 'ಉತ್ತರ ಕೊಡುವ' ಅಥವಾ 'ಕೆಲಸ ಮಾಡುವ' ಅಂತ ಸೇರಿಸುತ್ತೇವೆ. ರಿಟರ್ನ್ ಬಂದಲ್ಲೆಲ್ಲ ಹಿಂತಿರುಗು, ಹಿಂತಿರುಗಿಸು ಎರಡರಲ್ಲಿ ಒಂದನ್ನು ಆರಿಸಿ ಬರೆಯುತ್ತೇವೆ. ಪಾಪ್ ಥರ ಎರಡನ್ನೂ ಒಟ್ಟಿಗೆ ಮಾಡುವುದಕ್ಕೆ ಇನ್ನೂ ಒಳ್ಳೆಯ ಪದ ಸಿಕ್ಕಿಲ್ಲ. 'ಕೊಟ್ಟು ಕಳೆಯುವ' ಅಂತ ಒಬ್ಬರು ಹೇಳಿದರು, ಲೇವಾದೇವಿ ಥರ ಕೇಳಿಸುತ್ತೆ ಅಂತ ಉಳಿದವರು ಬಿಟ್ಟರು. ನಿಮಗೆ ಹೊಳೆದರೆ ಮುಂದಿನ ಸಭೆಗೆ ತನ್ನಿ. ಸ್ಟ್ಯಾಕ್ ಅಧ್ಯಾಯ ಇನ್ನೂ ಅಚ್ಚಿಗೆ ಹೋಗಿಲ್ಲ.